ಬಂಡೆಯನ್ನು ಬಿರಿಯಿಸುವ ವಿದ್ಯೆ

1947ರಲ್ಲಿ ಅಮೆರಿಕೆಯ ಕ್ಯಾನ್ಸಸ್ ಪ್ರಾಂತದ ಒಂದು ಅನಿಲಕ್ಷೇತ್ರದಲ್ಲಿ ಮೊದಲು ಪರೀಕ್ಷಿಸಲ್ಪಟ್ಟು, ಇಂದು ಶೇಲ್ ಎಂಬ ಪದರುಗಲ್ಲಿನೊಳಗೆ ಅಡಗಿರುವ ತೈಲಾನಿಲಗಳನ್ನು ಹೊರತೆಗೆಯುವ ಮಹೋದ್ಯಮಕ್ಕೆ ಆಧಾರವಾಗಿರುವ ಜಲಭೇದನದ ವಿದ್ಯೆಯು, ಕೋಲಾರ ಜಿಲ್ಲೆಯ ಮಾಸ್ತಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಗೆ ಬಂದಿರುವುದು ಬತ್ತಿದ ಬೋರಿನಲ್ಲಿ ಮತ್ತೆ ನೀರು ಕಾಣುವ ಆಸೆಯನ್ನು ಹೊತ್ತು. ತೈಲಾನಿಲದ ಉದ್ಯಮದಲ್ಲಿ ಮಾಡುವಂತೆ ಮರಳನ್ನೂ ರಾಸಾಯನಿಕಗಳನ್ನೂ ಬೆರೆಸದೆ, ಶುದ್ಧ ನೀರನ್ನೇ ಪ್ರತಿ ಚದರ ಸೆಂಟಿಮೀಟರಿಗೆ 100 ಕಿಲೋ ಮೀರಿದ ಒತ್ತಡದಿಂದ ಬಾವಿಯೊಳಕ್ಕೆ ನುಗ್ಗಿಸಿ, ಹೂಳು ಕಟ್ಟಿದ ಬಿರುಕುಗಳನ್ನು ತೆರೆಯುವುದು ಇಲ್ಲಿಯ ಕ್ರಮ. ಈ ವಿದ್ಯೆ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಆದರೆ ಇದರ ಫಲವು ಯಂತ್ರದ ಬಲಕ್ಕಿಂತ ಅದು ನಿಂತ ನೆಲದ ಸ್ವಭಾವವನ್ನು ಅವಲಂಬಿಸಿರುವಾಗ, ನೆಲವನ್ನು ವಿಚಾರಿಸದೆ ಯಂತ್ರವನ್ನು ಕರೆಸುವ ಪದ್ಧತಿಯು ರೈತನಿಗೆ ಅನ್ಯಾಯವೆಂದು ನಿಸ್ಸಂದೇಹವಾಗಿ ಹೇಳುತ್ತೇನೆ.

ನಮ್ಮ ಸೀಮೆಯ ತಳದಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯದಾದ ನೈಸ್ ಮತ್ತು ಗ್ರಾನೈಟ್ ಶಿಲೆ. ಸ್ಪಂಜಿನಂತೆ ನೀರನ್ನು ಒಡಲಲ್ಲಿ ಹಿಡಿಯುವ ಗುಣ ಈ ಕಲ್ಲಿಗೆ ಇಲ್ಲ. ಮೇಲಣ ಶಿಥಿಲವಾದ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರವೇ ನೀರಿಗೆ ಆಶ್ರಯ. ಆದುದರಿಂದ, ಸಮೀಪದಲ್ಲಿಯೇ ನೀರು ತುಂಬಿದ ಬಿರುಕೊಂದು ಇದ್ದು, ಬಾವಿಗೂ ಅದಕ್ಕೂ ನಡುವಣ ದಾರಿ ಮಾತ್ರ ಮುಚ್ಚಿಹೋಗಿದ್ದರೆ, ಜಲಭೇದನವು ಆ ದಾರಿಯನ್ನು ತೆರೆದು ಉಪಕಾರ ಮಾಡುತ್ತದೆ. ಡಾಲರೈಟ್ ಎಂಬ ಕರಿಕಲ್ಲಿನ ಗೋಡೆಯೊಂದು ಅಡ್ಡ ನಿಂತು ಆಚೆಯ ನೀರನ್ನು ತಡೆದಿದ್ದರೆ, ಅಥವಾ ಸುತ್ತಣ ಬಿರುಕುಗಳೇ ಒಣಗಿದ್ದರೆ, ಎಷ್ಟು ಒತ್ತಿದರೂ ನೀರು ಬಾರದು.

ಆಳದ ಪ್ರಶ್ನೆಯನ್ನು ನಮ್ಮವರು ಅಷ್ಟಾಗಿ ಎಣಿಸುವುದಿಲ್ಲ. 100 ಮೀಟರ್ ದಪ್ಪದ ಬಂಡೆಯ ಭಾರವು ತನ್ನ ಅಡಿಯ ಕಲ್ಲಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 27 ಕಿಲೋ ಆಗುತ್ತದೆ. 200 ಅಡಿಯ ಹಳೆಯ ಬಾವಿಯಲ್ಲಿ ಈ ಭಾರ 16 ಕಿಲೋ ಮಾತ್ರ. 1200 ಅಡಿಯಲ್ಲಿ 100 ಕಿಲೋವಿನ ಸಮೀಪ. ಅಂಥ ಆಳದಲ್ಲಿ ಒತ್ತಡವನ್ನು ಇಳಿಸಿದೊಡನೆ, ಮರಳಿನ ಆಸರೆಯಿಲ್ಲದ ಬಿರುಕು ಮತ್ತೆ ಮುಚ್ಚಿಕೊಳ್ಳುವ ಸಂಭವವೇ ಹೆಚ್ಚು. ಸಹಜವಾದ ಬಿರುಕುಗಳೂ ಕೆಳಗಿಳಿದಂತೆ ವಿರಳವಾಗುತ್ತವೆ. 1000 ಅಡಿಗೂ ಮಿಕ್ಕ ಬೋರುಗಳು ಸಾಮಾನ್ಯವಾಗಿರುವ ಈ ಜಿಲ್ಲೆಯಲ್ಲಿ, ಬಾವಿಯ ತಳದ ಕಡೆಗೇ ಯಂತ್ರವನ್ನು ಇಳಿಸಬೇಕೆಂಬ ಹಟವು ಹಣವನ್ನು ಕಲ್ಲಿಗೆ ಒಪ್ಪಿಸಿದಂತೆ. ಬಿರುಕು ಎತ್ತ ಬಿರಿಯಬೇಕೆಂಬುದೂ ನಮ್ಮ ಆಜ್ಞೆಗೆ ಸೇರಿದ್ದಲ್ಲ. ಕನಿಷ್ಠ ಒತ್ತಡವಿರುವ ದಿಕ್ಕಿಗೆ ಅಡ್ಡವಾಗಿಯೇ ಅದು ತೆರೆಯುವುದು. 1988ರಲ್ಲಿ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯು ಇದೇ ಜಲಭೇದನದ ವಿಧಾನದಿಂದ ಬಂಡೆಯ ಒಳ ಒತ್ತಡವನ್ನು ಅಳೆಯುವ ಕೆಲಸವನ್ನು ದೇಶದ ಜಲವಿದ್ಯುತ್ ಯೋಜನೆಗಳಿಗೆ ಮಾಡಿಕೊಟ್ಟಿದೆ. ಇಂತಹ ಜ್ಞಾನ ಜಿಲ್ಲೆಯ ಅಂಗಳದಲ್ಲಿಯೇ ಬೆಳೆದಿದ್ದೂ, ಅದೇ ಜಿಲ್ಲೆಯ ಹೊಲಗಳಲ್ಲಿ ಊಹೆಯಿಂದ ಕೆಲಸ ನಡೆಯುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ.

ಕೆಲಸ ನಡೆವಾಗ ಮಾಪಕದ ಮುಳ್ಳೇ ನಿಜವನ್ನು ನುಡಿಯುತ್ತದೆ. ಒತ್ತಡ ಏರುತ್ತಾ ಹೋಗಿ ಫಕ್ಕನೆ ಇಳಿದರೆ ಬಿರುಕು ತೆರೆಯಿತೆಂದೂ, ಏರದೆಯೇ ಉಳಿದರೆ ದಾರಿ ಮೊದಲೇ ತೆರೆದಿತ್ತೆಂದೂ, ಏರಿ ಅಲ್ಲಿಯೇ ನಿಂತರೆ ಕಲ್ಲು ಸೋಲಲಿಲ್ಲವೆಂದೂ ತಿಳಿಯಬಹುದು. ಆದರೂ ಅನೇಕ ಕಡೆಗಳಲ್ಲಿ ಈ ಅಂಕಿಗಳನ್ನು ಬರೆದಿಡುವುದಿಲ್ಲ. ಪಂಪು ಹಾಕಿದೊಡನೆ ಬಂದ ನೀರನ್ನು ಕಂಡು ‘ಎರಡು ಇಂಚು ಬಂತು’ ಎಂದು ಸಂತೋಷಪಡುತ್ತಾರೆ. ಮೊದಲು ಹೊರಬರುವುದು ನಾವೇ ಟ್ಯಾಂಕರಿನಿಂದ ತಂದು ತುಂಬಿದ ನೀರು. ಅದು ತೀರುವವರೆಗೆ ಮೇಲೆತ್ತಿ, ಅನಂತರದ ಪ್ರಮಾಣವನ್ನು ಮೊದಲಿನದರೊಡನೆ ಹೋಲಿಸದೆ ಗೆಲುವನ್ನು ಘೋಷಿಸತಕ್ಕದ್ದಲ್ಲ. ಬೇಸಗೆಯ ಇಳುವರಿಗೆ ಮಳೆಗಾಲದ ಇಳುವರಿಯನ್ನು ಹೋಲಿಸುವುದೂ ಸಲ್ಲದು.

ಇನ್ನು ನೀರಿನ ಮೂಲದ ವಿಚಾರ. ನಿತ್ಯ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿ ಬಾಳಿದ ಈ ಜಿಲ್ಲೆಯ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿಯು ಅತಿಬಳಕೆಯ ಪಟ್ಟಿಗೆ ಸೇರಿಸಿದೆ. ಮರುಪೂರಣಕ್ಕಿಂತ ಹೆಚ್ಚು ನೀರನ್ನು ವರ್ಷವರ್ಷವೂ ಮೇಲೆತ್ತುತ್ತಿದ್ದೇವೆ. ಇಂಥಲ್ಲಿ ಒಬ್ಬನ ಬಾವಿಯ ಬಿರುಕನ್ನು ಹಿಗ್ಗಿಸಿದರೆ, ಪಕ್ಕದವನ ಬಾವಿಯ ಪಾಲು ಇತ್ತ ಹರಿದು ಬರುವುದೂ ಉಂಟು. ಅದನ್ನು ಹೊಸ ನೀರೆಂದು ಲೆಕ್ಕ ಹಿಡಿಯುವುದು ನ್ಯಾಯವಲ್ಲ.

2018ರಿಂದೀಚೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದ್ದು, ಅಂಥ ಕೆರೆಗಳ ಸುತ್ತಮುತ್ತ ಅಂತರ್ಜಲ ಮೇಲೇರಿದ ವರದಿಗಳಿವೆ. ಕೆರೆಯಂಚಿನ, ಹೂಳಿನಿಂದ ಮುಚ್ಚಿಹೋದ 200–300 ಅಡಿಯ ಹಳೆಯ ಬೋರುಗಳಲ್ಲಿ ಜಲಭೇದನವನ್ನು ಪರೀಕ್ಷಿಸಲು ಈಗ ಸಮಯ ಒದಗಿದೆಯೆಂದು ನನ್ನ ಅಭಿಪ್ರಾಯ. ಆದರೆ ಆ ನೀರು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಲ್ಪಟ್ಟದ್ದು. ಬಿರುಕು ಹಿಗ್ಗಿದರೆ ಮಲಿನತೆಗೂ ದಾರಿ ಹಿಗ್ಗುತ್ತದೆ. ಆದಕಾರಣ ಕೇಸಿಂಗಿನ ಸುತ್ತಣ ಸಂದನ್ನು ಸಿಮೆಂಟಿನಿಂದ ಭದ್ರಪಡಿಸಿ, ಕೇಸಿಂಗಿನ ಕಾಲಿನಿಂದ ಸಾಕಷ್ಟು ಕೆಳಗೆ ಗಟ್ಟಿ ಬಂಡೆಯಲ್ಲಿಯೇ, ಬಾವಿಯನ್ನು ಬಿಗಿಯಾಗಿ ಮುಚ್ಚುವ ಪ್ಯಾಕರನ್ನು ಕೂರಿಸಿ, ಕೆಲಸಕ್ಕೆ ಮುಂಚೆಯೂ ಅನಂತರವೂ ಫ್ಲೋರೈಡು ನೈಟ್ರೇಟುಗಳ ಪರೀಕ್ಷೆ ಮಾಡಿಸಿ, ಆ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯಲ್ಲಿ ಎಲ್ಲರೂ ಓದುವಂತೆ ಇಡತಕ್ಕದ್ದು.