ಬೀಳ್ಕೊಡೋದರಲ್ಲಿ ನಾವು ಜಾಣರು

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ ಕೆಲಸ ಬಿಟ್ಟ. ಸೇರಿ ನಾಲ್ಕೂವರೆ ತಿಂಗಳಾಗಿತ್ತು, ಅಷ್ಟೇ. ಕೊನೇ ದಿನ ಸಂಜೆ ಕೇಕ್ ಬಂತು, ದೇವರಾಜ ಮಾರ್ಕೆಟ್ಟಿನಿಂದ ಹಾರ ಬಂತು, ಯಾರೋ ಮೈಸೂರು ಪೇಟ ತಂದು ತಲೆಗಿಟ್ಟರು. ದೊಡ್ಡ ಕಾರ್ಡಿನಲ್ಲಿ ಎಲ್ಲರೂ ಎರಡೆರಡು ಸಾಲು ಬರೆದರು. ನಾನು ಆರು ಸಾಲು ಬರೆದೆ. ಪೆನ್ನಿನ ಕ್ಯಾಪ್ ಹಾಕುವಾಗ ಹೊಳೀತು: ಇಷ್ಟು ದಿನದಲ್ಲಿ ಅವನ ಜೊತೆ ನಾನು ಮನಸ್ಸಿಟ್ಟು ಆರು ಸಾಲು ಮಾತಾಡಿರಲಿಲ್ಲ. ಅವನ 'ಬಡ್ಡಿ' ನಾನೇ ಆಗಿದ್ದೆ. ಸಾಲದ ಬಡ್ಡಿ ಅಲ್ಲ ಮಾರಾಯ್ರೇ, ಹೊಸಬರ ಜೊತೆಗಿರಲಿ ಅಂತ ಎಚ್‌ಆರ್‌ನವರು ಹಚ್ಚಿಕೊಡುವ ಹಳಬರು.

ಸಾಮಾನ್ಯವಾಗಿ ಇಲ್ಲಿ ಪುಸ್ತಕ, ಸಿನಿಮಾಗಳಲ್ಲಿ ಕೊಂಕು ಹುಡುಕ್ತೀನಿ. ಈ ಸಲ, ಕೆಲಸಕ್ಕೆ ಸೇರಿದವರಿಗೆ ನಾವು ಕೊಡುವ ಸ್ವಾಗತವನ್ನೇ ಒಂದು ಕೃತಿ ಅಂದ್ಕೊಂಡು ಓದೋಣ ಅನ್ನಿಸ್ತು.

ಮೈಸೂರಿನಲ್ಲಿ ಓದಿದವರಿಗೆಲ್ಲ ಒಂದು ಕಥೆ ಬಾಯಿಪಾಠ. ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು ಅನ್ನೋದು. ಪ್ರತಿ ಸೆಪ್ಟೆಂಬರ್ 5ಕ್ಕೆ ಕೇಳ್ತೀವಿ. ಆದರೆ ಅದೇ ಮನುಷ್ಯ 1918ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನ ಹೊಸಬನಾಗಿ, ಮದ್ರಾಸಿನ ಕಡೆಯಿಂದ ಇಲ್ಲಿಗೆ ಬಂದಿಳಿದ ದಿನ ನಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ಯಾರೂ ಅದನ್ನು ಕೇಳಿದ್ದೂ ಇಲ್ಲ. ನಮ್ಮ ಆಫೀಸು, ಬ್ಯಾಂಕು, ಶಾಲೆಗಳೆಲ್ಲ ಇದೇ ಕಥೆಯ ಮರುಮುದ್ರಣ. ನಿವೃತ್ತಿಗೆ, ವರ್ಗಾವಣೆಗೆ ಶಾಲು, ಹಣ್ಣಿನ ಬುಟ್ಟಿ, ಕಣ್ಣೀರು ತರಿಸುವ ಭಾಷಣ. ಬಂದವನಿಗೆ ಒಂದು ಫಾರಂ.

ಈಗ ಫಾರಮ್ಮಿನ ಜೊತೆ ಕಿಟ್ಟೂ ಬಂದಿದೆ. ನೀರಿನ ಬಾಟಲಿ, ಟೀಶರ್ಟು, ನೋಟ್‌ಬುಕ್ಕು, ಬೆನ್ನಿಗೆ ಹಾಕೋ ಬ್ಯಾಗು. ಅದನ್ನು ಮೇಜಿನ ಮೇಲೆ ಜೋಡಿಸಿ ಫೋಟೋ ತೆಗೆದು ಲಿಂಕ್ಡ್‌ಇನ್ನಿಗೆ ಹಾಕೋದು ಹೊಸಬರ ಮೊದಲ ಕೆಲಸ. ವಿಮರ್ಶೆಯ ಭಾಷೆಯಲ್ಲಿ ಹೇಳೋದಾದರೆ ಈ ಕೃತಿಯಲ್ಲಿ ಲೇಖಕ, ನಾಯಕ, ಪ್ರಕಾಶಕ ಮೂವರೂ ಕಂಪನಿಯೇ. ಬಾಟಲಿಯ ಮೇಲೂ ಅದರದೇ ಹೆಸರು.

ಈ ಪ್ರಕಾರದ ಮಹಾಕಾವ್ಯ ಬೇಕಾ? ನಮ್ಮ ಹೆಬ್ಬಾಳದಲ್ಲಿದೆ. ಇನ್ಫೋಸಿಸ್ ಕ್ಯಾಂಪಸ್ಸು, ಮುನ್ನೂರಕ್ಕೂ ಹೆಚ್ಚು ಎಕರೆ. 2009ರಲ್ಲಿ ಉದ್ಘಾಟನೆಯಾದ ಎರಡನೇ ತರಬೇತಿ ಕೇಂದ್ರದ ಗ್ರೀಕ್ ಮಾದರಿಯ ಕಂಬಗಳು, ಗೋಳದಂಥ ಮಲ್ಟಿಪ್ಲೆಕ್ಸು, ಈಜುಕೊಳ. ನನ್ನ ಎಷ್ಟೋ ಸ್ನೇಹಿತರು ಜೀವನದ ಅತ್ಯುತ್ತಮ ತಿಂಗಳುಗಳು ಅಲ್ಲೇ ಕಳೆದವು ಅಂತಾರೆ, ಸುಳ್ಳಲ್ಲ. ಸಣ್ಣ ಊರಿನ ಎಂಜಿನಿಯರಿಂಗ್ ಕಾಲೇಜಿನಿಂದ ಬಂದವರಿಗೆ ಅದು ಕೊಟ್ಟ ಧೈರ್ಯ ದೊಡ್ಡದು. ಆದರೂ ಆ ಕಟ್ಟಡದ ಬಗ್ಗೆ ನನ್ನದೊಂದು ತಕರಾರು. ಕಂಬ ಎತ್ತರವಾದಷ್ಟೂ ಮುಂದೆ ನಿಂತವನು ಕುಳ್ಳಗಾಗ್ತಾನೆ. ದೇವಸ್ಥಾನದ ಗೋಪುರವೂ ಹಾಗೇ, ಆದರೆ ಒಳಗೆ ಕೈಗೆ ತೀರ್ಥ ಹಾಕೋಕೆ ಒಬ್ಬರು ಇರ್ತಾರೆ.

2025ರ ಫೆಬ್ರವರಿಯಲ್ಲಿ ಇದೇ ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿಯವರನ್ನು ಕಳಿಸಿದ ಸುದ್ದಿ ನಿಮಗೆ ನೆನಪಿರಬಹುದು. ಅವರಲ್ಲಿ ಅನೇಕರು ಆಫರ್ ಕೈಲಿಟ್ಟುಕೊಂಡು ಎರಡು ವರ್ಷದಷ್ಟು ಕಾದು, 2024ರಲ್ಲಿ ಒಳಗೆ ಬಂದಿದ್ದವರು. ಪರೀಕ್ಷೆಗೆ ಮೂರು ಅವಕಾಶ ಕೊಟ್ಟಿದ್ದೆವು, ಒಪ್ಪಂದದಲ್ಲೇ ಇತ್ತು ಅಂತ ಕಂಪನಿ ಹೇಳಿತು. ಕಾರ್ಮಿಕ ಇಲಾಖೆಯವರು ಕ್ಯಾಂಪಸ್ಸಿಗೆ ಹೋಗಿ ವಿಚಾರಿಸಿದರು. ಕಾನೂನಿನ ಮಾತು ಅಲ್ಲಿಗೆ ಬಿಡ್ತೀನಿ. ನನ್ನ ತಲೆಯಲ್ಲಿ ಉಳಿದದ್ದು 'ಮೂರು ಅವಕಾಶ' ಅನ್ನೋ ಪದ. ಮೂರೂ ಸಲ ಪೂರ್ತಿ ಮಾಡಿದ್ದನ್ನೇ ಒಪ್ಪಿಸಬೇಕು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ, ಅರ್ಧ ಬರೆದ ಪ್ರೋಗ್ರಾಮನ್ನು ಹೆದರದೆ ತೋರಿಸೋಕೆ ಹೊಸಬರಿಗೆ ಯಾರು ಸಿಗ್ತಾರೆ? ಆ ಪ್ರಶ್ನೆ ಒಂದು ಕ್ಯಾಂಪಸ್ಸಿನದ್ದಲ್ಲ, ನನ್ನ ಮೇಜಿನದ್ದೂ ಹೌದು. ಅದಕ್ಕೆ ಆಮೇಲೆ ಬರ್ತೀನಿ.

ಹೆಬ್ಬಾಳದಿಂದ ಜೆಎಲ್‌ಬಿ ರಸ್ತೆಯ ಕಡೆ ಬಂದರೆ ಮಹಾರಾಜ ಕಾಲೇಜು. 1929ರಲ್ಲಿ ಅಲ್ಲಿ ಕುಪ್ಪಳಿಯ ಒಬ್ಬ ಹುಡುಗ ಕನ್ನಡ ಉಪನ್ಯಾಸಕನಾಗಿ ಕೆಲಸಕ್ಕೆ ಸೇರಿದ. ವಯಸ್ಸು ಇಪ್ಪತ್ತನಾಲ್ಕು. ಆ ಕಾಲದ ಮೈಸೂರಿನ ಸ್ಟಾಫ್ ರೂಮಿನಲ್ಲಿ ಮಲೆನಾಡಿನ ಶೂದ್ರ ಹುಡುಗ ಕನ್ನಡ ಮೇಷ್ಟ್ರಾಗಿ ಕೂರೋದು ಸಣ್ಣ ಮಾತಲ್ಲ. ಅಲ್ಲಿ ಅವರಿಗಿದ್ದ ಹಿರಿಯರು ಟಿ.ಎಸ್. ವೆಂಕಣ್ಣಯ್ಯ, ಎಂ.ಎ.ಯಲ್ಲಿ ಪಾಠ ಹೇಳಿದ್ದ ಗುರುಗಳೇ. ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿಸಿ ಅವರನ್ನು ಕನ್ನಡದ ಅಶ್ವಿನೀದೇವತೆಗಳು ಅಂತಿದ್ದರು. ವೆಂಕಣ್ಣಯ್ಯನವರ ಸ್ವಂತ ಪುಸ್ತಕ ಕಡಿಮೆ. ಮುನ್ನುಡಿ, ಸಂಪಾದನೆ, ಶಿಷ್ಯರು, ಇದರಲ್ಲೇ ಅವರ ಹೊತ್ತು ಹೋಯಿತು. ಈಗಿನ ಅಪ್ರೈಸಲ್ಲಿನಲ್ಲಿ ಅವರಿಗೆ ಎಷ್ಟು ರೇಟಿಂಗ್ ಬರುತ್ತಿತ್ತೋ!

'ಶ್ರೀರಾಮಾಯಣ ದರ್ಶನಂ' ತೆಗೆದರೆ ಮೊದಲು ಸಿಗೋದು ಅವರಿಗೆ ಮಾಡಿದ ಅರ್ಪಣೆ, ಪದ್ಯದಲ್ಲಿ. ಭಾಷೆ ಬಿಗಿ, ನನಗಂತೂ ಮೊದಲ ಓದಿಗೆ ದಕ್ಕಲಿಲ್ಲ. ದನಿ ಮಾತ್ರ ತಕ್ಷಣ ತಿಳೀತು. ಹಚ್ಚಿಕೊಂಡ ಕೆಲಸ ಮುಗಿಸಿ ಮೇಷ್ಟ್ರ ಮನೆ ಬಾಗಿಲಿಗೆ ಬಂದ ಶಿಷ್ಯನ ದನಿ. ಆ ಮೇಷ್ಟ್ರು 1939ರಲ್ಲೇ ತೀರಿಕೊಂಡಿದ್ದರು. ಕಾವ್ಯದ ಮೊದಲ ಸಂಪುಟ ಬಂದದ್ದು 1949ರಲ್ಲಿ. ಹತ್ತು ವರ್ಷದ ಹಿಂದೆ ಹೋದವರನ್ನು ಎದುರಿಗೇ ಕೂತಿದ್ದಾರೆ ಅನ್ನುವ ಹಾಗೆ ಮಾತಾಡಿಸಬೇಕಾದರೆ, ಇದ್ದಾಗ ಎಷ್ಟು ಮಾತು ನಡೆದಿರಬೇಕು ನೋಡಿ. ಕೆಲಸದ ಜಾಗದಲ್ಲಿ ಸಿಕ್ಕ ಆಸರೆಯ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪುಟ ನಾನು ಓದಿಲ್ಲ.

ಹಾಗಂತ ಹಳೇ ಕಾಲವೇ ಚೆನ್ನ ಅಂತ ನಾನು ಹೇಳ್ತಿಲ್ಲ. ವೆಂಕಣ್ಣಯ್ಯ ಸಿಕ್ಕವರು ಕಾವ್ಯ ಬರೆದರು. ಸಿಗದವರ ಹೆಸರೂ ನಮಗೆ ಗೊತ್ತಿಲ್ಲ. ಒಬ್ಬ ಒಳ್ಳೆಯ ಮನುಷ್ಯನ ಮೇಲೆ ನಿಂತ ವ್ಯವಸ್ಥೆ ಲಾಟರಿ ಇದ್ದ ಹಾಗೆ. ಕಿಟ್ಟು, ಚೆಕ್‌ಲಿಸ್ಟು ಎಲ್ಲರಿಗೂ ಒಂದೇ ಥರ ಸಿಗುತ್ತೆ, ಅದರ ನ್ಯಾಯ ಅದಕ್ಕಿದೆ. ನನ್ನ ಚೆಕ್‌ಲಿಸ್ಟಿನಲ್ಲಿ ಏಳು ಸಾಲಿತ್ತು. ಏಳಕ್ಕೂ ಟಿಕ್ ಹಾಕಿದ್ದೆ.

ಆ ಹುಡುಗ ಕಲಬುರಗಿ ಕಡೆಯವನು. ಎರಡನೇ ವಾರ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದಿದ್ದ. "ಅಕ್ಕಾರ, ಅರ್ಧ ಆಗ್ಯಾದ, ಒಂದ್ಸಲ ನೋಡ್ತೀರೇನ್ರಿ?" ಅಂದ. ಪಕ್ಕದವರು 'ಆಗ್ಯಾದ' ಅಂತ ಅಣಕಿಸಿ ನಕ್ಕರು. ನಾನೂ ನಕ್ಕೆ. ಆಮೇಲೆ, "ಮುಗಿಸಿ ಕಳ್ಸು, ರಿವ್ಯೂ ಮಾಡ್ತೀನಿ" ಅಂದೆ. ಅವತ್ತಿನಿಂದ ಮುಗಿಸಿಯೇ ಕಳಿಸ್ತಿದ್ದ. ತಪ್ಪಿದ್ದರೆ ನಾನು ಕೆಂಪು ಗುರುತು ಹಾಕಿ ವಾಪಸ್ ಮಾಡ್ತಿದ್ದೆ. ನನ್ನ ಮೇಜಿನ ಹತ್ತಿರ ಮತ್ತೆ ಬರಲಿಲ್ಲ. ನನಗದು ಆಗ ಆರಾಮವಾಗಿಯೇ ಇತ್ತು, ನಿಜ ಹೇಳ್ತೀನಿ.

ಕಾರ್ಡಿನಲ್ಲಿ ನಾನು ಬರೆದಿದ್ದು ಅವನು ಬಿಲ್ಲಿಂಗ್ ರಿಪೋರ್ಟಿನ ದಿನಾಂಕದ ತೊಡಕು ಬಿಡಿಸಿದ ರೀತಿಯ ಬಗ್ಗೆ. ನಮ್ಮಲ್ಲಿ ಯಾರಿಗೂ ಹೊಳೆದಿರದ ದಾರಿ ಅದು. ಎಲ್ಲರೂ ಕೇಕ್ ತಿನ್ನೋದರಲ್ಲಿದ್ದಾಗ ಅವನು ಮೂಲೆಯಲ್ಲಿ ನಿಂತು ನಿಧಾನಕ್ಕೆ ಓದಿದ. ಬಂದು, "ಅದನ್ನ ನೀವು ನೋಡಿದ್ರೇನ್ರಿ?" ಅಂದ. ಹೂಂ ಅಂದೆ. ಪೇಟ ಬ್ಯಾಗಿನಲ್ಲಿ ಹಿಡಿಸಲಿಲ್ಲ, ಕೈಯಲ್ಲೇ ಹಿಡ್ಕೊಂಡು ಹೋದ.