ಹಲಗೆಯನ್ನು ಮರೆತ ಹೊಗಳಿಕೆ

1920ರ ದಶಕದ ಅಮೆರಿಕದ ರೇಸ್ ಕಾರು ಮಿಲ್ಲರ್ 91ರ ಬಗ್ಗೆ ಬರೆಯುವವರು ಮೊದಲು ಎತ್ತುವುದು ಅದರ ಚೆಲುವಿನ ಮಾತನ್ನೇ. ಒಬ್ಬ ಮನುಷ್ಯ ಕಷ್ಟಪಟ್ಟು ತೂರಿಕೊಳ್ಳುವಷ್ಟು ಸಪೂರವಾದ ಮೈ, ಮಿರಮಿರ ಮಿಂಚುವ ಅಲ್ಯೂಮಿನಿಯಂ, ಹೊರಗೆ ಕಾಣದ ಭಾಗಕ್ಕೂ ಕೊಟ್ಟ ಹೊಳಪು. ಗ್ರಿಫಿತ್ ಬೋರ್ಗೆಸನ್ 1966ರಲ್ಲಿ ಅಮೆರಿಕದ ರೇಸ್ ಕಾರುಗಳ ಸುವರ್ಣಯುಗದ ಮೇಲೆ ಬರೆದ ಪುಸ್ತಕದಿಂದ ಹಿಡಿದು ಹರಾಜು ಮನೆಗಳ ಇವತ್ತಿನ ಕ್ಯಾಟಲಾಗ್‌ಗಳವರೆಗೆ ಇದೇ ರಾಗ: ಹ್ಯಾರಿ ಮಿಲ್ಲರ್ ಕಲಾವಿದ, ಅವನ ಕಾರು ಶಿಲ್ಪ. ಚೆಲುವಿದೆ, ತಕರಾರಿಲ್ಲ. ಆದರೆ ಶಿಲ್ಪ ಎಂದು ಕರೆದ ಕೂಡಲೇ ಕಾರು ಮ್ಯೂಸಿಯಂ ಸೇರುತ್ತದೆ, ಅದು ಯಾವ ನೆಲದ ಮೇಲೆ ಓಡಲು ಹುಟ್ಟಿತೋ ಆ ನೆಲ ಕಣ್ಮರೆಯಾಗುತ್ತದೆ. 91ರ ಅರ್ಧ ಎಂಜಿನಿಯರಿಂಗ್ ಇರುವುದು ಅದರ ಬಾನೆಟ್ಟಿನ ಕೆಳಗಲ್ಲ, ಚಕ್ರದ ಕೆಳಗೆ.

ಆ ನೆಲವೆಂದರೆ ಬೋರ್ಡ್ ಟ್ರ್ಯಾಕ್, ಮರದ ಹಲಗೆಯ ರೇಸ್ ಹಾದಿ. ಅದರ ಚರಿತ್ರೆ ಗೊತ್ತಿದ್ದದ್ದೇ. ಸೈಕಲ್ ರೇಸುಗಾರನಾಗಿದ್ದ ಇಂಗ್ಲೆಂಡಿನವ ಜ್ಯಾಕ್ ಪ್ರಿನ್ಸ್ 1910ರಲ್ಲಿ ಲಾಸ್ ಏಂಜಲೀಸ್ ಬಳಿಯ ಪ್ಲಾಯಾ ಡೆಲ್ ರೇಯಲ್ಲಿ ಒಂದು ಮೈಲಿಯ ದುಂಡನೆಯ ಮರದ ಹಾದಿ ಕಟ್ಟಿದ. ಮುಂದೆ ಬೆವರ್ಲಿ ಹಿಲ್ಸ್, ಆಲ್ಟೂನಾ, ಕಲ್ವರ್ ಸಿಟಿ, ಅಟ್ಲಾಂಟಿಕ್ ಸಿಟಿ ಎಂದು ದೇಶದ ಉದ್ದಗಲಕ್ಕೂ ಇಂಥವು ಎದ್ದವು. ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲದ ಮರದ ಪಟ್ಟಿಗಳನ್ನು ಮಗ್ಗುಲಾಗಿ ನಿಲ್ಲಿಸಿ, ಒತ್ತೊತ್ತಾಗಿ ಮೊಳೆ ಹೊಡೆದು ಮಾಡಿದ ಹಾಸು ಅದು. ಮಳೆಬಿಸಿಲು ತಡೆಯಲು ಯಾವ ಲೇಪವೂ ಇಲ್ಲ, ನಾಲ್ಕೈದು ವರ್ಷದಲ್ಲಿ ಲಡ್ಡು. ಓಟ ನಡೆಯುತ್ತಿರುವಾಗಲೇ ಬಡಗಿಗಳು ಹಾಸಿನ ಅಡಿಯಲ್ಲಿ ನಿಂತು ಮುರಿದ ಪಟ್ಟಿಗಳನ್ನು ರಿಪೇರಿ ಮಾಡುತ್ತಿದ್ದರು. ಮುಂದಿನ ಕಾರಿನ ಟೈರು ಎಬ್ಬಿಸಿದ ಸಿಬಿರು ಹಿಂದಿನವನ ಮುಖಕ್ಕೆ ಚುಚ್ಚುತ್ತಿತ್ತು. ಗ್ಯಾಸ್ಟನ್ ಶೆವ್ರೊಲೆ ಬೆವರ್ಲಿ ಹಿಲ್ಸ್‌ನಲ್ಲಿ, ಜೋ ಬಾಯರ್ ಮತ್ತು ರೇ ಕೀಚ್ ಆಲ್ಟೂನಾದಲ್ಲಿ ಸತ್ತರು; ಪಟ್ಟಿ ಇನ್ನೂ ಉದ್ದವಿದೆ.

ಹೀಗಾಗಿ ಇದು ಬರೀ ಸರ್ಕಸ್ಸು ಎಂಬ ಅಭಿಪ್ರಾಯ ಬೇರೂರಿತು. ಅದನ್ನು ಒಪ್ಪುವ ಮೊದಲು 1920ರ ಬೆವರ್ಲಿ ಹಿಲ್ಸ್ ಹಾದಿಯನ್ನು ನೋಡಬೇಕು. ಪ್ರಿನ್ಸ್‌ನ ಜೊತೆಗಿದ್ದ ಎಂಜಿನಿಯರ್ ಆರ್ಟ್ ಪಿಲ್ಸ್‌ಬರಿ ಅಲ್ಲಿ ರೈಲ್ವೆಯವರ ಲೆಕ್ಕವನ್ನು ಎರವಲು ತಂದ. ರೈಲು ಹಳಿ ನೇರದಿಂದ ತಿರುವಿಗೆ ಒಮ್ಮೆಲೇ ಹೊರಳುವುದಿಲ್ಲ. ನಡುವೆ ಬಾಗು ತುಸುತುಸುವೇ ಹೆಚ್ಚುವ ಒಂದು ಸುರುಳಿ ಇರುತ್ತದೆ. ಪಿಲ್ಸ್‌ಬರಿ ಬಾಗಿನ ಜೊತೆಗೆ ಓರೆಯನ್ನೂ ಅದೇ ಹದದಲ್ಲಿ ಏರಿಸಿದ. ನೇರದಲ್ಲಿ ಬಂದ ಕಾರು ಗೋಡೆಯಂತೆ ಎದ್ದ ತಿರುವನ್ನು ಕುಲುಕಿಲ್ಲದೆ ಏರುತ್ತಿತ್ತು, ಚಾಲಕ ಸ್ಟೀರಿಂಗ್ ಜಗ್ಗಬೇಕಾದ್ದು ಅತ್ಯಲ್ಪ. ಇದರ ಫಲವನ್ನು ವಿಮರ್ಶಕರು ಲೆಕ್ಕಕ್ಕೇ ಹಿಡಿದಿಲ್ಲ. ತಿರುವಿನಲ್ಲಿ ವೇಗ ಇಳಿಸಬೇಕಿಲ್ಲ ಎಂದಮೇಲೆ ಎಂಜಿನ್ನಿನ ಸುತ್ತೂ ಇಳಿಯಬೇಕಿಲ್ಲ. ಸುತ್ತು ಇಳಿಯದ ಎಂಜಿನ್ನಿಗೆ ಬೇಕಾದ ಸೂಪರ್‌ಚಾರ್ಜರ್ ಬೇರೆಯದೇ.

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಈ ಸೂಪರ್‌ಚಾರ್ಜರ್ ಬಳಿ ಸ್ವಲ್ಪ ನಿಲ್ಲೋಣ. 1926ರಲ್ಲಿ ಅಮೆರಿಕದ ನಿಯಮ ಎಂಜಿನ್ನಿನ ಗಾತ್ರವನ್ನು 91.5 ಘನ ಇಂಚಿಗೆ, ಅಂದರೆ 1.5 ಲೀಟರಿಗೆ ಇಳಿಸಿತು. ಯುರೋಪಿನ ಗ್ರ್ಯಾನ್ ಪ್ರಿ ನಿಯಮವೂ ಆ ಎರಡು ವರ್ಷ ಅದೇ. ಒಂದೇ ಗಾತ್ರ, ಸಾಲಾಗಿ ಎಂಟೇ ಸಿಲಿಂಡರ್, ಮೇಲೆ ಎರಡೇ ಕ್ಯಾಮ್‌ಶಾಫ್ಟ್. ಫ್ರಾನ್ಸಿನ ಡೆಲಾಜ್ ಮತ್ತು ಅಮೆರಿಕದ ಮಿಲ್ಲರ್ ಕಾಗದದ ಮೇಲೆ ಅಣ್ಣತಮ್ಮಂದಿರು. ಬೇರೆಯಾಗುವುದು ಗಾಳಿ ತುಂಬುವ ರೀತಿಯಲ್ಲಿ. ಡೆಲಾಜ್ ರೂಟ್ಸ್ ಬಗೆಯದನ್ನು ಆರಿಸಿತು. ಅದು ಒಂದೊಂದು ಸುತ್ತಿಗೂ ಇಷ್ಟೆಂದು ಗಾಳಿ ತಳ್ಳುತ್ತದೆ, ಆದ್ದರಿಂದ ಕಡಿಮೆ ವೇಗದಲ್ಲೂ ಕೈಕೊಡುವುದಿಲ್ಲ. ಮಿಲ್ಲರ್ ಆರಿಸಿದ್ದು ಡ್ಯೂಸೆನ್‌ಬರ್ಗ್‌ನವರು 1924ರಲ್ಲಿ ಇಂಡಿಯಾನಾಪೊಲಿಸ್ ಗೆದ್ದ ಕಾರಿನಲ್ಲಿದ್ದ ಸೆಂಟ್ರಿಫ್ಯೂಗಲ್ ಬಗೆಯನ್ನು. ಎಂಜಿನ್ನಿನ ಸುಮಾರು ಐದು ಪಟ್ಟು ವೇಗದಲ್ಲಿ ತಿರುಗುವ ಒಂದು ಚಕ್ರ ಗಾಳಿಯನ್ನು ಅಂಚಿಗೆ ಬೀಸಿ ಒತ್ತುತ್ತದೆ. ಇದರ ಒತ್ತಡ ಸುತ್ತಿನ ವರ್ಗದಂತೆ ಏರುತ್ತದೆ, ವರ್ಗದಂತೆಯೇ ಇಳಿಯುತ್ತದೆ. ನಿಮಿಷಕ್ಕೆ 7,000 ಸುತ್ತಿನಲ್ಲಿ ಸಿಗುವ ಒತ್ತಡ 3,500ರಲ್ಲಿ ಕಾಲುಭಾಗವಷ್ಟೇ. ಊರೊಳಗಿನ ತಿರುವು, ಗುಡ್ಡದ ಹೇರ್‌ಪಿನ್ನುಗಳಿರುವ ಹಾದಿಯಲ್ಲಿ ಇದು ಪೂರಾ ನಷ್ಟದ ಬಾಬ್ತು. ಹಲಗೆಯ ಮೇಲೆ 3,500 ಎಂಬುದು ಹೊರಡುವಾಗ ಮತ್ತು ಪಿಟ್ಟಿಗೆ ಬರುವಾಗ ಮಾತ್ರ ಎದುರಾಗುವ ಅಂಕಿ. ಗೇರ್‌ಬಾಕ್ಸ್ ಒರಟು, ಕೆಳಗಿನ ಸುತ್ತಿನಲ್ಲಿ ಎಳೆತವೇ ಇಲ್ಲ ಎಂದು 91ನ್ನು ದೂರುವವರು ಅದಕ್ಕೆ ಯಾರೂ ಕೇಳಿರದ ಪ್ರಶ್ನೆಗೆ ಅದರಿಂದ ಉತ್ತರ ನಿರೀಕ್ಷಿಸುತ್ತಿದ್ದಾರೆ.

ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ, ಒತ್ತಿ ಗಳಿಸಿದ್ದರಲ್ಲಿ ಒಂದಷ್ಟು ಅಲ್ಲೇ ಸೋರಿಹೋಗುತ್ತದೆ, ಸಾಲದ್ದಕ್ಕೆ ಎಂಜಿನ್ ನಾಕ್ ಹೊಡೆಯುತ್ತದೆ. 1927ರಲ್ಲಿ ಇದಕ್ಕೆ ಮದ್ದು ಹುಡುಕಿದವನು ಮಿಲ್ಲರ್ ಅಲ್ಲ, ಅವನ ಕಾರು ಓಡಿಸುತ್ತಿದ್ದ ಫ್ರ್ಯಾಂಕ್ ಲಾಕ್‌ಹಾರ್ಟ್. ಸೂಪರ್‌ಚಾರ್ಜರಿಗೂ ಸಿಲಿಂಡರುಗಳಿಗೂ ನಡುವೆ ಅವನು ರೆಕ್ಕೆರೆಕ್ಕೆಯಾದ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ಇಟ್ಟ. ರೆಕ್ಕೆಗಳಿಗೆ ಹೊರಗಾಳಿ ಬಡಿದು ಒಳಗಿನದನ್ನು ತಣಿಸುತ್ತಿತ್ತು. ಇವತ್ತು ನಮ್ಮ ಹೆದ್ದಾರಿಯ ಡೀಸೆಲ್ ಲಾರಿಗಳಲ್ಲಿರುವ ಇಂಟರ್‌ಕೂಲರಿನ ಹಿರಿಯ ಇದು. ಇದೂ ಹಲಗೆಯ ಕೂಸೇ: ಗಂಟೆಗೆ 140 ಮೈಲಿಯ ಗಾಳಿ ಎಡೆಬಿಡದೆ ಬಡಿಯುವ ಹಾದಿಯಲ್ಲಿ ಇಂಥ ಪೆಟ್ಟಿಗೆಗೆ ರಜೆಯೇ ಇಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯ ಒಂದೂವರೆ ಮೈಲಿಯ ಹಾದಿಯಲ್ಲಿ ಲಾಕ್‌ಹಾರ್ಟ್ 147.7 ಮೈಲಿ, ಅಂದರೆ 237 ಕಿ.ಮೀ.ಗೂ ಮೀರಿದ ವೇಗದಲ್ಲಿ ಒಂದು ಸುತ್ತು ಹಾಕಿದ. ಇಂಡಿಯಾನಾಪೊಲಿಸ್‌ನಲ್ಲಿ ಆ ವೇಗ ಕಾಣಲು 1960 ಬರಬೇಕಾಯಿತು, ಅದೂ ಹೆಚ್ಚುಕಡಿಮೆ ಮೂರು ಪಟ್ಟು ದೊಡ್ಡ ಎಂಜಿನ್ನಿನಿಂದ.

ಈ ಹೋಲಿಕೆಯನ್ನು ಅಭಿಮಾನಿಗಳು ಬಾಯಿಪಾಠ ಮಾಡಿಕೊಂಡಿದ್ದಾರೆ. ನ್ಯಾಯವಾಗಿ ನೋಡಿದರೆ ಇದು ನಿಲ್ಲುವುದಿಲ್ಲ. ಇಂಡಿಯಾನಾಪೊಲಿಸ್‌ನ ತಿರುವುಗಳ ಓರೆ ಬರೀ ಒಂಬತ್ತು ಡಿಗ್ರಿ ಚಿಲ್ಲರೆ. ಅಟ್ಲಾಂಟಿಕ್ ಸಿಟಿಯದು ಅದರ ಹಲವು ಪಟ್ಟು ಕಡಿದು. ಅಲ್ಲಿನ ವೇಗದಲ್ಲಿ ಹಾದಿಗೂ ಪಾಲಿದೆ. ನನ್ನ ವಾದಕ್ಕೆ ಇದೇನೂ ತೊಡಕಲ್ಲ, ಪುಷ್ಟಿಯೇ. ಎಂಜಿನ್ನಿನದಷ್ಟೇ ಪಾಲು ಬೇಕೆನ್ನುವವರು ಅದಕ್ಕೂ ಕೆಲವು ವಾರ ಮುಂಚಿನ ಮುರಾಕ್‌ಗೆ ಹೋಗಲಿ. ಕ್ಯಾಲಿಫೋರ್ನಿಯಾದ ಆ ಒಣ ಕೆರೆಯ ಚಪ್ಪಟೆ ನೆಲದಲ್ಲಿ, ಯಾವ ಓರೆಯ ಆಸರೆಯೂ ಇಲ್ಲದೆ, ಅದೇ ಒಂದೂವರೆ ಲೀಟರ್ ಎಂಜಿನ್ 164 ಮೈಲಿ ಮುಟ್ಟಿತ್ತು.

ಇನ್ನು ಅತ್ತ ಕಡೆಯವರು. ಅಮೆರಿಕದ ಕಾರುಗಳಿಗೆ ಎಡಕ್ಕೆ ತಿರುಗುವುದೊಂದೇ ಗೊತ್ತು ಎಂಬ ಕುಹಕ ಯುರೋಪಿನ ಮೋಟಾರ್ ಬರಹಗಾರರಲ್ಲಿ ಹಳೆಯದು, ನಮ್ಮ ಇಂಗ್ಲಿಷ್ ಪತ್ರಿಕೆಗಳು ಅದನ್ನೇ ಉರು ಹೊಡೆದಿವೆ. ಹಲಗೆಯ ಮೇಲೆ ಪಳಗಿದ ಜಿಮ್ಮಿ ಮರ್ಫಿ 1921ರ ಫ್ರೆಂಚ್ ಗ್ರ್ಯಾನ್ ಪ್ರಿಯನ್ನು ಲ ಮಾನ್‌ನ ಕಲ್ಲು ಸಿಡಿಯುವ ರಸ್ತೆಯಲ್ಲಿ ಡ್ಯೂಸೆನ್‌ಬರ್ಗ್ ಓಡಿಸಿ ಗೆದ್ದಿದ್ದ. ಆ ಕಾರಿನ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಇತ್ತು, ಎದುರಾಳಿಗಳಿಗೆ ಇರಲಿಲ್ಲ. 1929ರಲ್ಲಿ ಚಾಲಕ ಲಿಯಾನ್ ಡ್ಯೂರೇ ಎರಡು 91ಗಳನ್ನು ಯುರೋಪಿಗೆ ಒಯ್ದಾಗ ಎಟ್ಟೋರೆ ಬುಗಾಟಿ ತನ್ನ ಮೂರು ಕಾರು ಕೊಟ್ಟು ಅವೆರಡನ್ನೂ ಇಟ್ಟುಕೊಂಡ. ಮುಂದೆ ಅವನ ಟೈಪ್ 50 ಮತ್ತು 51ರ ತಲೆಯ ಮೇಲೆ ಜೋಡಿ ಕ್ಯಾಮ್‌ಶಾಫ್ಟ್ ಬಂದದ್ದು ಹೇಗೆಂದು ಕುಹಕಿಗಳು ಹೇಳಬೇಕು. ಹಾಗೆಂದು ಅಮೆರಿಕದವರು ಎದೆಯುಬ್ಬಿಸುವಂತೆಯೂ ಇಲ್ಲ. 1915ರಲ್ಲಿ ರೇಸುಗಾರ ಬಾಬ್ ಬರ್ಮನ್‌ನ ಪ್ಯೂಜೊ ಎಂಜಿನ್ ಸಿಡಿದು ಮಿಲ್ಲರ್‌ನ ವರ್ಕ್‌ಶಾಪಿಗೆ ಬಂದಿತ್ತು. ಜೋಡಿ ಕ್ಯಾಮ್‌ಶಾಫ್ಟಿನ ಪಾಠ ಅಲ್ಲಿ ಶುರುವಾದದ್ದು ಆ ಮುರುಕಿನಿಂದಲೇ. ಫ್ರಾನ್ಸಿನಿಂದ ಹೋದದ್ದು ಫ್ರಾನ್ಸಿಗೇ ಮರಳಿತು.

ಮಿಲ್ಲರ್ ಎಂಬ ಒಂಟಿ ಹೆಸರಿನ ಮೇಲೂ ನನಗೆ ಆಕ್ಷೇಪವಿದೆ. ಗೆರೆ ಎಳೆದವನು ಲಿಯೊ ಗೂಸನ್, ಲೋಹ ಕಡೆದವನು ಫ್ರೆಡ್ ಆಫನ್‌ಹೌಸರ್. ಮಿಲ್ಲರ್‌ಗೆ ಹಂಬಲವಿತ್ತು, ಕಣ್ಣಿತ್ತು, ಇವರಿಬ್ಬರನ್ನು ಇಟ್ಟುಕೊಳ್ಳುವ ಬುದ್ಧಿಯಿತ್ತು. ಅದು ಸಣ್ಣದಲ್ಲ, ಆದರೆ ಕಲಾವಿದನ ಕಥೆಗೆ ಒಬ್ಬನೇ ನಾಯಕ ಬೇಕಾದ್ದರಿಂದ ಉಳಿದವರು ಅಡಿಟಿಪ್ಪಣಿಯಾದರು. ಮಿಲ್ಲರ್ 1933ರಲ್ಲಿ ದಿವಾಳಿಯೆದ್ದ. ಅವನ ಅಂಗಡಿಯಿಂದ ಹೊರಟ ನಾಲ್ಕು ಸಿಲಿಂಡರಿನ ಎಂಜಿನ್ ಆಫನ್‌ಹೌಸರ್ ಹೆಸರಿನಲ್ಲಿ 1976ರವರೆಗೂ ಇಂಡಿಯಾನಾಪೊಲಿಸ್ ಗೆದ್ದಿತು.

ಹೊಗಳಿಕೆ ಅತ್ಯಂತ ದಪ್ಪವಾಗಿ ಬಿದ್ದಿರುವುದು ಮುಂಚಕ್ರ ಎಳೆಯುವ 91ರ ಮೇಲೆ. ಸಾಮಾನ್ಯ 91ಕ್ಕೆ 10,000 ಡಾಲರಾದರೆ ಇದಕ್ಕೆ 15,000. ಚಾಲಕನ ಅಡಿಯಲ್ಲಿ ಶಾಫ್ಟ್ ಹಾಯದ್ದರಿಂದ ಕಾರು ನೆಲಕ್ಕೆ ಅಂಟಿದಂತೆ ತಗ್ಗಾಗಿತ್ತು, ಫೋಟೊದಲ್ಲಿ ಅದಕ್ಕೆ ಸಾಟಿಯಿಲ್ಲ. 1928ರಲ್ಲಿ ಪ್ಯಾಕರ್ಡ್ ಕಂಪನಿಯ ಕಾಂಕ್ರೀಟ್ ಹಾದಿಯಲ್ಲಿ ಡ್ಯೂರೇ 148 ಮೈಲಿ ದಾಟಿದ್ದು ಅದರಲ್ಲೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹಲಗೆಯ ಮೇಲಿನ ಆ 147.7 ಬಂದದ್ದು ಹಿಂಚಕ್ರ ತಳ್ಳುವ ಅಗ್ಗದ ಮಾದರಿಯಿಂದ, 24 ವರ್ಷದ ಚಾಲಕ ತಾನೇ ಸೇರಿಸಿಕೊಂಡ ಒಂದು ಪೆಟ್ಟಿಗೆಯ ಬಲದಿಂದ. 91ನ್ನು ಶಿಲ್ಪ ಎಂದು ಹೊಗಳುವವರು ಆ ಪೆಟ್ಟಿಗೆಗೆ ಒಂದು ಪುಟವಾದರೂ ಕೊಡಬೇಕಿತ್ತು.