ಸಂಕಲಿತ ಗಾಯನವೂ ಪಾಠಪರಿಷ್ಕರಣವೂ

ಪ್ರಾಚೀನ ಕಾವ್ಯವೊಂದನ್ನು ಹಲವು ಓಲೆಪ್ರತಿಗಳ ಸಹಾಯದಿಂದ ಪರಿಷ್ಕರಿಸುವ ವಿದ್ವಾಂಸರು, ಯಾವ ಪ್ರತಿಯಿಂದ ಯಾವ ಪಾಠವನ್ನು ಸ್ವೀಕರಿಸಿದರೆಂಬುದನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ನಮ್ಮಲ್ಲಿ ನೆಲೆಗೊಂಡಿರುವ ಪದ್ಧತಿ. ಬಿಟ್ಟ ಪಾಠವೂ ಪುಟದ ಕೆಳಗೆ ಉಳಿದಿರುತ್ತದೆ; ಪರಿಷ್ಕರ್ತನ ತೀರ್ಪನ್ನು ಒಪ್ಪದವನು ಅದನ್ನು ಎತ್ತಿಕೊಳ್ಳಬಹುದು. ಈ ಕಾಲದ ಧ್ವನಿಮುದ್ರಣಾಲಯಗಳಲ್ಲಿ ಇದನ್ನೇ ಹೋಲುವ ಕಾರ್ಯವು ನಿತ್ಯವೂ ನಡೆಯುತ್ತಿದೆ; ಅಲ್ಲಿ ಅಡಿಟಿಪ್ಪಣಿಯೊಂದು ಮಾತ್ರ ಇಲ್ಲ. ಈ ಕೊರತೆಯಿಂದ ಸಾಹಿತ್ಯಾಭ್ಯಾಸಕ್ಕೆ ಒದಗುವ ಹಾನಿಯೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಕಾರ್ಯಕ್ರಮವು ಹೀಗಿದೆ. ಗಾಯಕನು ಒಂದೇ ಹಾಡನ್ನು ಐದಾರು ಸಲ ಹಾಡುತ್ತಾನೆ. ಒಂದೊಂದು ಸಲದ ಮುದ್ರಣಕ್ಕೂ 'ಟೇಕ್' ಎಂದು ಹೆಸರು. ತಂತ್ರಾಂಶವು ಇವುಗಳನ್ನು ಗಣಕಯಂತ್ರದ ಪರದೆಯ ಮೇಲೆ ಒಂದರ ಕೆಳಗೊಂದರಂತೆ ಸಾಲಾಗಿ ತೋರಿಸುತ್ತದೆ. ಸಂಯೋಜಕನು ಎರಡನೆಯದರಿಂದ ಪಲ್ಲವಿಯನ್ನೂ, ನಾಲ್ಕನೆಯದರಿಂದ ಚರಣವನ್ನೂ, ಆರನೆಯದರಿಂದ ಒಂದೇ ಒಂದು ಪದವನ್ನೂ ಆರಿಸಿಕೊಂಡು, ಸಂಧಿಸ್ಥಾನದಲ್ಲಿ ಒಂದರ ನಾದ ಇಳಿಯುತ್ತಿರುವಂತೆಯೇ ಮತ್ತೊಂದರದು ಏರುವ ಹಾಗೆ ಬೆಸೆಯುತ್ತಾನೆ. ವೃತ್ತಿಯವರು ಇದನ್ನು 'ಕಾಂಪಿಂಗ್' ಎನ್ನುತ್ತಾರೆ. ಇಲ್ಲಿ ಸಂಕಲಿತ ಗಾಯನವೆಂದು ಕರೆಯೋಣ. ಬೆಸುಗೆಯು ಉಸಿರೆಳೆಯುವ ಎಡೆಯಲ್ಲಿಯೋ, ಕ ತ ಪ ಮೊದಲಾದ ಸ್ಪರ್ಶವ್ಯಂಜನಗಳ ಮೌನದಲ್ಲಿಯೋ ಬಿದ್ದರೆ ಎಂತಹ ಕಿವಿಗೂ ತಿಳಿಯುವುದಿಲ್ಲ.

ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ತಪ್ಪಿದರೆ ಮೊದಲಿನಿಂದ ಹಾಡಬೇಕಾಗಿತ್ತು. ಆರಿಸುವುದಾದರೆ ಇಡೀ ಟೇಕನ್ನೇ ಆರಿಸಬೇಕಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಕಾಂತಪಟ್ಟಿಯು ಬಳಕೆಗೆ ಬಂದಮೇಲೆ ಕತ್ತರಿಸಿ ಅಂಟಿಸುವುದು ಸುಲಭವಾಯಿತು. 1952ರಲ್ಲಿ ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ಮುದ್ರಿತವಾದ ವಾಗ್ನರನ 'ಟ್ರಿಸ್ಟಾನ್ ಉಂಡ್ ಇಸೋಲ್ಡ' ಸಂಗೀತನಾಟಕದಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡಳ ಅತ್ಯುಚ್ಚ ಸ್ವರಗಳನ್ನು ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟಳು. ಇದು ಆಮೇಲೆ ಬಯಲಾಗಿ ದೊಡ್ಡ ಚರ್ಚೆಗೆ ಕಾರಣವಾಯಿತು. 1991ರಲ್ಲಿ ಪ್ರೋ ಟೂಲ್ಸ್ ಎಂಬ ತಂತ್ರಾಂಶವು ಹೊರಬಂದಮೇಲೆ ಮೂಲಕ್ಕೆ ಕುಂದಿಲ್ಲದೆ ಎಷ್ಟು ಸಲ ಬೇಕಾದರೂ ಕೂಡಿಸಿ ಬಿಡಿಸಬಹುದಾಯಿತು.

ಈ ಪದ್ಧತಿಯ ಪರವಾದ ವಾದವನ್ನು ಬಲವಾಗಿ ಮಂಡಿಸಿದವನು ಕೆನಡದ ಪಿಯಾನೋವಾದಕ ಗ್ಲೆನ್ ಗೌಲ್ಡ್. ಬಾಖನ ಒಂದು ಫ್ಯೂಗನ್ನು ಎಂಟು ಸಲ ನುಡಿಸಿದಾಗ ಆರನೆಯದೂ ಎಂಟನೆಯದೂ ನಿರ್ದೋಷವಾಗಿದ್ದುವು. ಆದರೆ ಒಂದೊಂದೂ ಒಂದೇ ಭಾವದಲ್ಲಿ ನಿಂತುಬಿಟ್ಟಿತ್ತು. ಎರಡನ್ನೂ ಕೂಡಿಸಿದಾಗಲೇ ಕೃತಿಗೆ ತಕ್ಕ ರೂಪ ದೊರೆಯಿತು ಎಂದು ಅವನು 1966ರ ಪ್ರಬಂಧದಲ್ಲಿ ಹೇಳಿದ್ದಾನೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಕವಿಯು ತನ್ನ ಕರಡನ್ನು ತಿದ್ದಿಕೊಳ್ಳಬಹುದಾದರೆ ಗಾಯಕನಿಗೆ ಆ ಹಕ್ಕು ಏಕಿರಬಾರದು?

ಆದರೆ ಗೌಲ್ಡನ ಮುಂದೆ ಬಾಖನು ಬರೆದಿಟ್ಟ ಸ್ವರಲಿಪಿಯಿತ್ತು. ಟೇಕು ಬದಲಾದರೂ ಕೃತಿ ಬದಲಾಗಲಿಲ್ಲ. ಹಾಡುವಾಗಲೇ ಕೃತಿಯು ಹುಟ್ಟುವ ಸಂಪ್ರದಾಯಗಳಲ್ಲಿ ಈ ಆಧಾರವಿಲ್ಲ. ಅಲ್ಲಿ ಒಂದೊಂದು ಟೇಕೂ ಒಂದೊಂದು ಸ್ವತಂತ್ರ ಪಾಠ. ಹಲವನ್ನು ಬೆರಸಿದರೆ ಯಾರೂ ಎಂದೂ ಹಾಡದ ಹಾಡೊಂದು ಹುಟ್ಟುತ್ತದೆ.

ಇದಕ್ಕೆ ಫಿನ್ಲೆಂಡಿನ ಸಾಹಿತ್ಯಚರಿತ್ರೆಯೇ ನಿದರ್ಶನ. ಎಲಿಯಾಸ್ ಲೋನ್‌ರೋಟನು ಅನೇಕ ಗಾಯಕರ ಹಾಡುಗಳಿಂದ ಪಂಕ್ತಿಗಳನ್ನಾಯ್ದು ಜೋಡಿಸಿ 'ಕಾಲೇವಾಲ'ವನ್ನು 1835ರಲ್ಲಿಯೂ, ಅದನ್ನು ಬೆಳೆಸಿ 50 ಸಂಧಿಗಳಾಗಿ 1849ರಲ್ಲಿಯೂ ಪ್ರಕಟಿಸಿದನು. ಅದು ಮಹತ್ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಲೋನ್‌ರೋಟನ ಕೃತಿಯೇ ಹೊರತು ಯಾವೊಬ್ಬ ಹಾಡುಗಾರನದೂ ಅಲ್ಲ. ಅದೇ ನಾಡಿನ ಲೌರಿ ಹೊಂಕೊ ಅವರು ನಮ್ಮ ತುಳುನಾಡಿಗೆ ಬಂದಾಗ ಬೇರೊಂದು ದಾರಿಯನ್ನು ಹಿಡಿದರು. ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರೊಡಗೂಡಿ, 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರೊಬ್ಬರೇ ಹಲವು ದಿನಗಳ ಕಾಲ ಹಾಡಿದ ಸಿರಿಯ ಕಥೆಯನ್ನು ಮುದ್ರಿಸಿಕೊಂಡು, 15,683 ಪಂಕ್ತಿಗಳ ಆ ಒಂದೇ ಗಾಯನವನ್ನು 1998ರಲ್ಲಿ ಅಚ್ಚುಮಾಡಿಸಿದರು. ಅದೇ ಗಾಯಕರು ಕೆಲವು ವರ್ಷ ಮೊದಲು ಬಾಯಲ್ಲಿ ಹೇಳಿ ಬರೆಯಿಸಿದ್ದ ಪಾಠವು ಇದಕ್ಕಿಂತ ಬಹಳ ಚಿಕ್ಕದು. ಎರಡನ್ನೂ ಬೆರಸಿದ್ದರೆ, ಬಾಯಲ್ಲಿ ಹೇಳಿದಾಗ ಕುಗ್ಗುವ ಕಥೆಯು ಹಾಡಿದಾಗ ಹಿಗ್ಗುವುದೆಂಬ ತತ್ತ್ವವೇ ನಮಗೆ ಮರೆಯಾಗುತ್ತಿತ್ತು.

ಈ ವಿಚಾರವು ಗೌರಿಬಿದನೂರಿನ ಕುಡುಮಲಕುಂಟೆಯಿಂದ ಚಿಂತಾಮಣಿಯವರೆಗಿನ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಕನ್ನಡ ತೆಲುಗುಗಳೆರಡೂ ಜನರ ನಾಲಗೆಯಲ್ಲಿರುವ ನಾಡು ಇದು. ಇಲ್ಲಿನ ಕೈವಾರದ ನಾರಾಯಣಪ್ಪನವರು ಎರಡು ನುಡಿಗಳಲ್ಲಿಯೂ ಪದಗಳನ್ನು ರಚಿಸಿದರು. ಏಕತಾರಿಯನ್ನು ಮೀಟುತ್ತ ತತ್ತ್ವಪದವನ್ನು ಹಾಡುವವನ ಹಲವು ಟೇಕುಗಳನ್ನು ಬೆಸೆದರೆ ಮೂರು ಅನರ್ಥಗಳುಂಟು. ಮೊದಲನೆಯದಾಗಿ, ತಂತಿಯ ಮೀಟು ಕಂಠದೊಡನೆಯೇ ಮುದ್ರಿತವಾಗಿರುವುದರಿಂದ, ಕಂಠವನ್ನು ಕತ್ತರಿಸಿದೆಡೆಯಲ್ಲಿ ಮೀಟಿನ ನಡೆಯೂ ಮುರಿಯುತ್ತದೆ. ಎರಡನೆಯದಾಗಿ, ಹಾಡುಗಾರನು ಒಂದು ಸಲ ಚರಣದ ಮೊದಲ ಪಾದದಲ್ಲಿ ಒಂದು ಪದವನ್ನಿಟ್ಟು, ಅದರ ಎರಡನೆಯ ಅಕ್ಷರಕ್ಕೆ ಒಪ್ಪುವಂತೆ ಮುಂದಿನ ಪಾದವನ್ನು ಹೊಂದಿಸಿರುತ್ತಾನೆ. ಇನ್ನೊಂದು ಸಲ ಪದವೂ ಪ್ರಾಸಾಕ್ಷರವೂ ಬೇರೆಯಾಗಬಹುದು. ಪಾದಗಳನ್ನು ಅದಲುಬದಲು ಮಾಡಿದರೆ ಪ್ರಾಸವು ಕೆಡುತ್ತದೆ; ಛಂದಸ್ಸಿನ ವಿದ್ಯಾರ್ಥಿಯು ಆ ದೋಷವನ್ನು ಹಾಡುಗಾರನ ಮೇಲೆ ಹೊರಿಸುತ್ತಾನೆ. ಮೂರನೆಯದಾಗಿ, ಕನ್ನಡದಿಂದ ತೆಲುಗಿಗೆ ಹಾಡುಗಾರನು ಎಲ್ಲಿ, ಯಾವ ಶ್ರೋತೃಗಳೆದುರಿಗೆ ಹೊರಳುತ್ತಾನೆಂಬುದು ಭಾಷಾಶಾಸ್ತ್ರಕ್ಕೆ ಅಮೂಲ್ಯವಾದ ಸಾಕ್ಷ್ಯ; ಸಂಕಲಿತ ಮುದ್ರಣದಲ್ಲಿ ಆ ಹೊರಳುವಿಕೆಯು ಸಂಯೋಜಕನದಾಗಿಬಿಡುತ್ತದೆ.

ಕೂಡಿಸುವುದೇ ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ಇದೇ ಗೌರಿಬಿದನೂರಿನ ಬಳಿ 1976ರಲ್ಲಿ ಕಾರ್ಯಾರಂಭ ಮಾಡಿದ ರೇಡಿಯೋ ದೂರದರ್ಶಕದಲ್ಲಿ 1000 ಗ್ರಾಹಕಗಳು ಆಂಗ್ಲದ ಟಿ ಅಕ್ಷರದ ಆಕಾರದಲ್ಲಿ ನಿಂತು ಆಕಾಶದ ಅಲೆಗಳನ್ನು ಒಟ್ಟುಗೂಡಿಸಿದುವು. ಆದರೆ ಅವು ಕೂಡಿಸಿದ್ದು ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಸ್ಥಳಗಳಲ್ಲಿ ಕೇಳಿದ್ದನ್ನು. ಸಂಕಲಿತ ಗಾಯನವು ಬೇರೆ ಬೇರೆ ಗಳಿಗೆಗಳನ್ನು ಕೂಡಿಸಿ ಒಂದೇ ಗಳಿಗೆಯೆಂದು ತೋರಿಸುತ್ತದೆ. ಆಸ್ವಾದನೆಗೆ ಇದರಿಂದ ಬಾಧೆಯಿಲ್ಲ, ಪ್ರಮಾಣಕ್ಕೆ ಬಾಧೆಯುಂಟು.

ಆದಕಾರಣ ಜನಪದ ಗಾಯನವನ್ನು ಸಂಗ್ರಹಿಸುವವರು ಪಾಠಪರಿಷ್ಕರಣದ ನಿಯಮವನ್ನೇ ಇಲ್ಲಿಯೂ ಅನುಸರಿಸುವುದು ಉಚಿತ. ಎಲ್ಲ ಟೇಕುಗಳನ್ನೂ ಅಖಂಡವಾಗಿ ಕಾಪಿಡಬೇಕು. ಬೆಸೆದ ಮುದ್ರಣಕ್ಕೆ ಸಂಕಲಿತವೆಂದು ಹೆಸರಿಟ್ಟು, ಯಾವ ಭಾಗವು ಯಾವ ಟೇಕಿನದೆಂಬ ಪಟ್ಟಿಯನ್ನು ಅದರೊಡನೆ ಕೊಡಬೇಕು. ಗಾಯಕನ ಒಪ್ಪಿಗೆಯಿಲ್ಲದೆ ಬೆಸೆಯಬಾರದು. ಭಾಷೆ ಛಂದಸ್ಸುಗಳ ವಿಚಾರದಲ್ಲಿ ಅಖಂಡವಾದ ಟೇಕನ್ನಲ್ಲದೆ ಉದಾಹರಿಸಬಾರದು. ಟೇಕುಗಳನ್ನು ಕೂಡಿಸಲು ತಂತ್ರಾಂಶವು ಕೊಡುವ ಸೌಕರ್ಯವು ಅವುಗಳನ್ನು ಬಿಡಿಬಿಡಿಯಾಗಿ ಉಳಿಸುವುದಕ್ಕೂ ಇದೆ. ಓಲೆಯ ಮೇಲಿನ ಒಂದು ಅಕ್ಷರಕ್ಕೆ ನಾವು ತೋರುವ ಎಚ್ಚರಿಕೆಯು ಬದುಕಿರುವ ಹಾಡುಗಾರನ ಕಂಠಕ್ಕೂ ಸಲ್ಲತಕ್ಕದ್ದು.